ಮಕ್ಕಳ ಡ್ರಮ್ಮಿಗೆ ಲಕ್ಷದ ಬೆಲೆ ಕಟ್ಟಿದವರಾರು?



ಹೋಟೆಲು ಕೂಲಿಯವನ ಮಗನಿಗೆ ವಾದ್ಯಮೇಳ ಯಾಕೆ ಎಂದು ಕೇಳುವವರು ನಮ್ಮಲ್ಲಿದ್ದಾರೆ. ಮೇಳ ಬೇಕು, ಆದರೆ ಯಾರಾದರೊಬ್ಬ ಧನಿಕರ ಕೈಗೊಪ್ಪಿಸಿ, ಶುಲ್ಕವಿಟ್ಟು, ‘ಪದ್ಧತಿ ಪ್ರಕಾರ’ ನಡೆಸಬೇಕು ಎನ್ನುವವರೂ ಇದ್ದಾರೆ. ಮೊದಲಿನವರಿಗೆ ಉತ್ತರ ಸುಲಭ: ಧಣಿಯ ಮಗನಿಗೆ ಯಾಕೋ ಅದಕ್ಕೇ. ಎರಡನೆಯವರು ಮಾತ್ರ ಅಮೆರಿಕದ ಒಂದು ಗಿರಣಿ ಊರಿನ ಕತೆಯನ್ನು ತಾಳ್ಮೆಯಿಂದ ಕೇಳಬೇಕು.

ನ್ಯೂಜೆರ್ಸಿ ಸಂಸ್ಥಾನದಲ್ಲಿ ಪಸೇಯಿಕ್ ಹೊಳೆಯ ದಂಡೆಗೆ ಗಾರ್ಫೀಲ್ಡ್ ಎಂಬ ಊರಿದೆ. ಉಣ್ಣೆ ಗಿರಣಿಗಳ ಸೀಮೆ. ಪೋಲೆಂಡ್, ಹಂಗೇರಿ, ಇಟಲಿಗಳಿಂದ ಹೊಟ್ಟೆಪಾಡಿಗೆ ಬಂದವರು ಅಲ್ಲಿ ದುಡಿದರು. ಊರು ಬಿಟ್ಟು ಬಂದ ನಮಗೆ ಆ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. 1925ರ ಕೊನೆಗೆ ಮಾಲಿಕರು ಪಗಾರದಲ್ಲಿ ನೂರಕ್ಕೆ ಹತ್ತು ಕಡಿದರು. 1926ರ ಜನವರಿಯಲ್ಲಿ ನೆರೆಯ ಪಸೇಯಿಕ್ ಪಟ್ಟಣದ ಬಾಟನಿ ಗಿರಣಿಯಲ್ಲಿ ಹೊತ್ತಿದ ಸಂಪು ಗಾರ್ಫೀಲ್ಡಿಗೂ ಹಬ್ಬಿತು. ಹದಿನೈದು ಸಾವಿರಕ್ಕೂ ಮಿಕ್ಕಿದ ಗಂಡಸರು ಹೆಂಗಸರು ಲಾಠಿ ತಿಂದರು, ಆದರೂ ವರ್ಷದ ಮೇಲೆ ನಿಂತರು. ಸಮಾಜವಾದಿ ಮುಖಂಡ ನಾರ್ಮನ್ ಥಾಮಸ್ ಭಾಷಣ ಮಾಡಿದ್ದಕ್ಕೆ ಸೆರೆಯಾದದ್ದು ಈ ಗಾರ್ಫೀಲ್ಡಿನಲ್ಲೇ.

ಅದೇ ಊರಿನಲ್ಲಿ, ಕೆಲಸವಿಲ್ಲದೆ ಜನ ಬೀದಿಗೆ ಬಿದ್ದಿದ್ದ 1934ರಲ್ಲಿ, ಹೋಲಿ ನೇಮ್ ಇಗರ್ಜಿಯ ಆಶ್ರಯದಲ್ಲಿ ಹುಡುಗರ ಡ್ರಮ್ಮು-ಬ್ಯೂಗಲ್ ಪಥಕ ಹುಟ್ಟಿತು. ಹೆಸರು ಹೋಲಿ ನೇಮ್ ಕೆಡೆಟ್ಸ್. ಬಡವರ ಕೇರಿಯಲ್ಲಿ ಇದು ಹೇಗೆ ಸಾಧ್ಯವಾಯಿತು? ವಾದ್ಯ ಅಗ್ಗವಾಗಿತ್ತು, ಅದೇ ಗುಟ್ಟು. ಮೊದಲ ಮಹಾಯುದ್ಧದ ತರುವಾಯ ಸೈನ್ಯದಲ್ಲಿ ಮಿಕ್ಕ ಬ್ಯೂಗಲುಗಳು ಆ ದೇಶದಲ್ಲಿ ಊರೂರಿಗೆ ಹಂಚಿಹೋಗಿದ್ದವು. ಸಾದಾ ಬ್ಯೂಗಲ್ಲಿಗೆ ಒತ್ತುವ ಕೀಲಿಯೇ ಇಲ್ಲ. ತುಟಿ ಮತ್ತು ಉಸಿರಿನಿಂದಲೇ ಸ್ವರ ಹೊರಡಬೇಕು. ಸ್ವರಲಿಪಿ ಓದಲು ಬಾರದ ಹುಡುಗನೂ ಕಿವಿಯಿಂದ ಕೇಳಿ ಕಲಿಯಬಹುದಾಗಿತ್ತು. ಸ್ಪರ್ಧೆಗಳನ್ನು ಮಾಜಿ ಸೈನಿಕರ ಸಂಘಗಳು ನಡೆಸುತ್ತಿದ್ದವು. ಇಂಥ ಪಥಕ 1940ರ ಹೊತ್ತಿಗೇ ರಾಷ್ಟ್ರದ ಪ್ರಶಸ್ತಿ ಗೆದ್ದಿತು. 1958ರಲ್ಲಿ ಇಗರ್ಜಿಯಿಂದ ಬೇರೆಯಾಗಿ ಊರಿನ ಹೆಸರನ್ನೇ ಹೊತ್ತು ಗಾರ್ಫೀಲ್ಡ್ ಕೆಡೆಟ್ಸ್ ಆಯಿತು.

ಇನ್ನು ಮುಂದಿನದು ಪಾಠ. ಟಿಕೇಟಿನ ಹಣ, ನಿಯಮ, ತೀರ್ಪು ಎಲ್ಲವೂ ಮಾಜಿ ಸೈನಿಕರ ಸಂಘಗಳ ಕೈಯಲ್ಲಿರುವುದು ಸಲ್ಲದೆಂದು ದೇಶದ ಪಥಕಗಳು ಸಿಡಿದೆದ್ದು 1972ರಲ್ಲಿ ತಮ್ಮದೇ ಒಕ್ಕೂಟ ಕಟ್ಟಿದವು. ಆ ದಂಗೆ ನ್ಯಾಯವಾದದ್ದೇ. ಸಂಪು ಮಾಡಿದ ನಾವು ಅದನ್ನು ಅಲ್ಲಗಳೆಯಲಾರೆವು. ಆದರೆ ಅಧಿಕಾರ ಯಾರ ಕೈಗೆ ಬಂತು? ಬಾರಿಸುವ ಹುಡುಗರಿಗಲ್ಲ, ಅವರ ತಾಯ್ತಂದೆಗಳಿಗಲ್ಲ, ನಿರ್ದೇಶಕರಿಗೆ. ಅವರು ವಾದ್ಯವನ್ನು ‘ಸುಧಾರಿಸುತ್ತ’ ಹೋದರು. ಒಂದು ಕೀಲಿಯಿದ್ದ ಬ್ಯೂಗಲ್ಲಿಗೆ 1977ರಲ್ಲಿ ಎರಡು, 1990ರಲ್ಲಿ ಮೂರು. 2000ದಲ್ಲಿ ಯಾವ ಶ್ರುತಿಯ ಹಿತ್ತಾಳೆ ವಾದ್ಯವಾದರೂ ಸರಿ ಎಂದಾಯಿತು. 2004ರಲ್ಲಿ ಮೈಕು, 2009ರಲ್ಲಿ ವಿದ್ಯುನ್ಮಾನ ವಾದ್ಯ. ಬೇಸಿಗೆಯುದ್ದಕ್ಕೂ ದೇಶ ಸುತ್ತಲು ಬಸ್ಸು, ಲಾರಿ, ಅಡಿಗೆಯ ಗಾಡಿ ಬೇರೆ. ನಾದ ಚೆನ್ನಾಯಿತೆಂಬುದು ನಿಜ, ಸುಳ್ಳು ಹೇಳಬಾರದು. ಖರ್ಚನ್ನು ತೆತ್ತವರು ಮಾತ್ರ ಹುಡುಗರು. ಈಗ ಮೇಲ್ದರ್ಜೆಯ ಪಥಕದಲ್ಲಿ ಒಂದು ಬೇಸಿಗೆ ನುಡಿಸಬೇಕಾದರೆ ನಾಲ್ಕೈದು ಸಾವಿರ ಡಾಲರು, ಅಂದರೆ ನಮ್ಮ ಲಕ್ಷಗಟ್ಟಲೆ ರೂಪಾಯಿ, ಹುಡುಗನೇ ಕಟ್ಟಬೇಕು! 1970ರ ಸುಮಾರಿಗೆ ನೂರಾರು ಇದ್ದ ಪಥಕಗಳು ಇಂದು ಕೆಲವೇ ಡಜನು.

ಟೆಲಿವಿಜನ್ನು ಬಂತು, ಹುಡುಗರಿಗೆ ಆಸ್ಥೆ ಹೋಯಿತು ಎನ್ನುವುದು ಪಂಡಿತರ ಉತ್ತರ. ಆಸ್ಥೆ ಹೋಗಿದ್ದರೆ ಇಷ್ಟು ಹಣ ತೆತ್ತು ಆಯ್ಕೆಗೆ ಬರುವವರಾರು ಸ್ವಾಮೀ? ಹೋದದ್ದು ಆಸ್ಥೆಯಲ್ಲ, ಬಡವರ ಮಕ್ಕಳು.

ಗಾರ್ಫೀಲ್ಡಿನ ಪಥಕ 1983ರಿಂದ 2011ರ ತನಕ ಆ ಒಕ್ಕೂಟದ ಪ್ರಶಸ್ತಿಯನ್ನು ಹತ್ತು ಸಲ ಗೆದ್ದಿತು. ನಡುವೆ ಹೆಸರಿನಿಂದ ಗಾರ್ಫೀಲ್ಡ್ ಉದುರಿತು. ಠಾಣ್ಯವೂ ಪೆನ್ಸಿಲ್ವೇನಿಯಕ್ಕೆ ಹೋಯಿತು. ಮೂರು ದಶಕಕ್ಕೂ ಮಿಕ್ಕಿ ಒಬ್ಬರೇ ಅದರ ಮುಖ್ಯಸ್ಥರು. ಹಲವು ಹೆಂಗಸರು ಲೈಂಗಿಕ ಕಿರುಕುಳದ ಆರೋಪ ಹೊರಿಸಿದ ಮೇಲೆ 2018ರಲ್ಲಿ ಅವರು ಕುರ್ಚಿ ಬಿಟ್ಟರು. ಬಳಿಕ 1980ರ ದಶಕದ ದೌರ್ಜನ್ಯದ ಆರೋಪದ ಮೇಲೆ ದಾವೆ ಬಂತು. 2024ರಲ್ಲಿ, ತೊಂಬತ್ತನೆಯ ವರ್ಷಕ್ಕೆ, ಪಥಕ ಮುಚ್ಚಿತು. ಕೇರಿಯ ಕಣ್ಣಿದ್ದ ಮಾತ್ರಕ್ಕೆ ಕೇಡು ನಡೆಯದೆಂದು ನಾವು ಹೇಳುವುದಿಲ್ಲ. ಆದರೆ ಲೆಕ್ಕ ಕೇಳುವ ಕೇರಿಯೇ ಇಲ್ಲದ ಕಡೆ ಒಬ್ಬನ ಮಾತೇ ಕಾಯಿದೆಯಾಗುತ್ತದೆ.

ಈ ಮುಂಬಯಿಯಲ್ಲಿ 1982ರ ಸಂಪಿನ ಮೇಲೆ ಗಿರಣಿಗಳ ಭೋಂಗಾ ಒಂದೊಂದಾಗಿ ನಿಂತಿತು. ಆದರೂ ಹೋಟೆಲಿನ ಮಾಣಿಗಳು ಎಂಜಲು ತಟ್ಟೆ ತೊಳೆದ ಕೈಯಲ್ಲೇ ಪುಸ್ತಕ ಹಿಡಿದ ಕನ್ನಡ ರಾತ್ರಿಶಾಲೆಗಳನ್ನು ನಮ್ಮ ಹಿರಿಯರು ಮರೆತಿಲ್ಲ. ಕೆಲಸ ಮುಗಿಯುವ ಹೊತ್ತಿಗೆ ಶಾಲೆ ತೆರೆಯಿತು, ಆದ್ದರಿಂದ ಮಾಣಿ ಬಂದ. ಶಾಲೆಯ ಹೊತ್ತಿಗೆ ಅವನು ಬರಲೆಂದು ಕಾದಿದ್ದರೆ ಬೆಂಚು ಖಾಲಿಯೇ ಇರುತ್ತಿತ್ತು.

ಆದುದರಿಂದ ಮೇಳದ ಮಾತು ಸಭೆಗೆ ಬಂದಾಗ ನಾವು ಕೇಳುವುದಿಷ್ಟು: ವಾದ್ಯ ಸಂಘದ ಸೊತ್ತಾಗಿರಲಿ. ಸಮಿತಿಯಲ್ಲಿ ಅರ್ಧಕ್ಕರ್ಧ ತಾಯಂದಿರು ಕೂಡಲಿ. ಗುರುಗಳು ಯಾರೇ ಆದರೂ ವರ್ಷಕ್ಕೊಮ್ಮೆ ಅವರೆದುರು ನಿಂತು ಉತ್ತರ ಕೊಡಲಿ. ದಾನಿಗಳ ಹಣ ಬರಲಿ, ಡ್ರಮ್ಮಿನ ಮೇಲೆ ಅವರ ಹೆಸರು ಬೇಡ. ಮಕ್ಕಳಿಂದ ಶುಲ್ಕ ಬೇಡವೇ ಬೇಡ. ಹಣ ಸಾಲದಿದ್ದರೆ ಎರಡೇ ಡೊಳ್ಳು, ನಾಲ್ಕು ತಾಳದಿಂದ ಶುರುಮಾಡೋಣ. ರಶೀದಿ ಪುಸ್ತಕ ಅಚ್ಚಿಗೆ ಕೊಡುವುದು ಬೇಡ.