ಹಿಂದಿನ ಗಾಲಿಯ ಗುಟ್ಟು

ಕುಟುಂಬದವರೆಲ್ಲ ಓದುವ ಈ ಪುಟದಲ್ಲಿ ಕಾರಿನ ಬ್ರೇಕಿನ ವಿಷಯವನ್ನು ಎತ್ತಿಕೊಂಡಿರುವುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿಕೊಂಡು ಬಂದ ನಮಗೂ ಗಾಲಿ, ಸ್ಪ್ರಿಂಗುಗಳಿಗೂ ಏನು ನಂಟು ಎಂದು ಕೇಳಲೂಬಹುದು. ಆದರೆ ಇಂದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಹಳ್ಳಿಗಳಲ್ಲಿಯೂ ಮನೆಯ ಮುಂದೆ ಕಾರು ನಿಂತಿರುವುದು ಸಾಮಾನ್ಯ ನೋಟ. ಮದುವೆಗೆ, ಘಾಟಿಯ ದನಗಳ ಜಾತ್ರೆಗೆ, ಶಿವಗಂಗೆಗೆ, ಆಸ್ಪತ್ರೆಗೆ ಎಲ್ಲಕ್ಕೂ ಮನೆಮಂದಿ ಅದರಲ್ಲಿಯೇ ಹೊರಡುತ್ತಾರೆ. ಎಲ್ಲರ ಜೀವವನ್ನೂ ಯಾವುದಕ್ಕೆ ಒಪ್ಪಿಸಿರುವೆವೋ ಅದರ ಸ್ಥಿತಿಗತಿ ತಿಳಿಯದಿರುವುದು ಗೃಹಸ್ಥರಿಗೆ ಭೂಷಣವಲ್ಲ. ಈ ಮಾತನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ; ನಂದಿಬೆಟ್ಟದ ಇಳಿಜಾರಿನಲ್ಲಿ ಕಲಿತೆವು.

ಕೆಲವು ವರ್ಷಗಳ ಹಿಂದಿನ ಮಾತು. ದೊಡ್ಡಬಳ್ಳಾಪುರದಲ್ಲಿರುವ ನಮ್ಮ ತಂಗಿಯ ಮಗನ ಬಳಿ ಹಳೆಯದೊಂದು ಮಾರುತಿ 800 ಇತ್ತು. 1983ರ ಕೊನೆಯಲ್ಲಿ ರಸ್ತೆಗಿಳಿದು, 2014ರ ಆರಂಭದಲ್ಲಿ ತಯಾರಿಕೆ ನಿಲ್ಲುವವರೆಗೂ ಎಷ್ಟೋ ಮನೆಗಳಿಗೆ ಮೊದಲ ಕಾರಾಗಿದ್ದ ವಾಹನವದು. ಒಂದು ಭಾನುವಾರ ಬೆಳಗಿನ ಜಾವ ತಂಗಿ, ಸೊಸೆ, ನಾಲ್ಕು ವರ್ಷದ ಮೊಮ್ಮಗು ಎಲ್ಲರೂ ಕೂಡಿ ನಂದಿಗೆ ಹೊರಟೆವು. 1,478 ಮೀಟರ್ ಎತ್ತರದ ಆ ಬೆಟ್ಟ 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದರೂ ನಮ್ಮ ಕಡೆಯವರಿಗೆ ಮನೆಯ ಹಿತ್ತಲಿದ್ದಂತೆ.

ಹತ್ತುವಾಗ ಯಾವ ತೊಂದರೆಯೂ ಕಾಣಲಿಲ್ಲ. ಇಳಿಯುವಾಗ ಹುಡುಗ ಪೆಟ್ರೋಲು ಉಳಿಯಲೆಂದು ಗೇರನ್ನು ನ್ಯೂಟ್ರಲ್ಲಿಗೆ ತಂದು, ಬ್ರೇಕಿನ ಮೇಲೆಯೇ ಕಾಲಿಟ್ಟು ಕಾರನ್ನು ಇಳಿಬಿಟ್ಟ. ಕೆಲವು ತಿರುವುಗಳು ಕಳೆಯುವಷ್ಟರಲ್ಲಿ ಏನೋ ಸುಟ್ಟ ವಾಸನೆ. "ಮಾವ, ಬ್ರೇಕು ಕೆಳಕ್ಕೆ ಹೋಗ್ತಾ ಇದೆ" ಎಂದ. "ಗೇರಿಗೆ ಹಾಕಪ್ಪ, ಗೇರಿಗೆ ಹಾಕು" ಎಂದೆವು. ಎರಡನೆಯ ಗೇರಿಗೆ, ಆಮೇಲೆ ಒಂದನೆಯದಕ್ಕೆ ಹಾಕಿ, ಬೆಟ್ಟದ ಬದಿಯ ಮಣ್ಣಿಗೆ ಗಾಲಿಯನ್ನಿಳಿಸಿ ಹೇಗೋ ನಿಲ್ಲಿಸಿದ. ಹಿಂದಿನ ಎಡಗಾಲಿಯಿಂದ ತೆಳ್ಳನೆಯ ಹೊಗೆ ಏಳುತ್ತಿತ್ತು. ಗಾಲಿಗೆ ಕಲ್ಲು ಕೊಟ್ಟು, ಮಗುವನ್ನು ಕೆಳಗಿಳಿಸಿಕೊಂಡಾಗ ತಂಗಿಯ ಕೈ ನಡುಗುತ್ತಿದ್ದುದನ್ನು ನಾವು ಇಂದಿಗೂ ಮರೆತಿಲ್ಲ.

ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಕಾಣುವ ಗುರುತಿನಿಂದ ಕಾಣದ ವಸ್ತುವನ್ನು ತಿಳಿಯುವುದೇ ಅನುಮಾನ ಪ್ರಮಾಣ. ಆ ಪಾಠವನ್ನು ನೂರಾರು ಮಕ್ಕಳಿಗೆ ಹೇಳಿಕೊಟ್ಟ ನಾವು, ಹೊಗೆ ಏಳುವವರೆಗೂ ಕಾದೆವಲ್ಲ ಎಂದು ಅಂದು ನಾಚಿಕೆಯಾಯಿತು. ಏಕೆಂದರೆ ಗುರುತುಗಳು ಮೊದಲೇ ಇದ್ದವು. ಹ್ಯಾಂಡ್ ಬ್ರೇಕಿನ ಹಿಡಿ ಎಂದಿಗಿಂತ ಬಹಳ ಮೇಲಕ್ಕೆ ಬರುತ್ತಿತ್ತು. ಹಿಂದಿನ ವಾರವಷ್ಟೇ ರಸ್ತೆ ಬದಿಯ ಒಂದು ಶೆಡ್ಡಿನಲ್ಲಿ ಡ್ರಮ್ಮನ್ನು ಬಿಚ್ಚಿಯೂ ನೋಡದೆ ಹ್ಯಾಂಡ್ ಬ್ರೇಕಿನ ಕೇಬಲನ್ನು ಬಿಗಿ ಮಾಡಿ ಕಳಿಸಿದ್ದರು. ಹಿಡಿ ಸರಿಯಾಯಿತೆಂದು ಹುಡುಗ ಸಮಾಧಾನಪಟ್ಟಿದ್ದ.

ಮರುದಿನ ದೊಡ್ಡಬಳ್ಳಾಪುರದ ಹಿರಿಯ ಮೆಕ್ಯಾನಿಕ್ ಒಬ್ಬರು ನಮ್ಮೆದುರಿಗೇ ಎರಡೂ ಡ್ರಮ್ಮುಗಳನ್ನು ಬಿಚ್ಚಿದರು. ಎಡಗಡೆ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಜಿನುಗಿ ಲೈನರ್ ತೊಯ್ದುಹೋಗಿತ್ತು. ಬಲಗಡೆ ಲೈನರ್ ಪೂರ್ತಿ ಸವೆದು ಶೂವಿನ ಕಬ್ಬಿಣವೇ ಡ್ರಮ್ಮನ್ನು ಗೀರುತ್ತಿತ್ತು. ಬಿಗಿ ಮಾಡಿದ ಕೇಬಲ್ ಎರಡೂ ಕಡೆಯ ಶೂಗಳನ್ನು ಸದಾ ಡ್ರಮ್ಮಿಗೆ ಒತ್ತಿ ಹಿಡಿದು ಕಾಯಿಸುತ್ತಿತ್ತು. "ಸ್ವಾಮಿ, ಕೇಬಲ್ ಬಿಗಿ ಮಾಡಿದ್ರೆ ಸವೆದ ಲೈನರ್ ಬೆಳೆಯುತ್ತಾ?" ಎಂದು ಅವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಂದು ಅವರು ತಿಳಿಸಿಕೊಟ್ಟದ್ದನ್ನೂ ಅನಂತರ ನಾವು ಓದಿ ತಿಳಿದದ್ದನ್ನೂ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಡ್ರಮ್ ಎಂಬುದು ಗಾಲಿಯೊಡನೆ ತಿರುಗುವ, ಬೋಗುಣಿಯಾಕಾರದ ಎರಕದ ಕಬ್ಬಿಣ. ಅದರೊಳಗೆ ಅರ್ಧಚಂದ್ರಾಕೃತಿಯ ಎರಡು ಶೂಗಳಿರುತ್ತವೆ. ಅವುಗಳ ಬೆನ್ನಿಗೆ ಅಂಟಿಸಿದ ಅಥವಾ ರಿವೆಟ್ ಹೊಡೆದ ಪದರವೇ ಲೈನರ್. ನಾವು ಪೆಡಲನ್ನು ಒತ್ತಿದಾಗ ಕೊಳವೆಯಲ್ಲಿರುವ ದ್ರವದ ಮೂಲಕ ಒತ್ತಡ ಗಾಲಿಯ ಬಳಿಯ ಪುಟ್ಟ ಸಿಲಿಂಡರಿಗೆ ಮುಟ್ಟುತ್ತದೆ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುವುದೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ಕಂಡ ನಿಯಮವೇ ಇಲ್ಲಿ ಕೆಲಸ ಮಾಡುವುದು. ಸಿಲಿಂಡರಿನ ಎರಡು ಪಿಸ್ಟನ್ನುಗಳು ಶೂಗಳನ್ನು ಹೊರಕ್ಕೆ ತಳ್ಳಿ ಡ್ರಮ್ಮಿಗೆ ಉಜ್ಜಿಸುತ್ತವೆ. ಕಾಲು ತೆಗೆದಾಗ ಸ್ಪ್ರಿಂಗುಗಳು ಅವುಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ. ಹ್ಯಾಂಡ್ ಬ್ರೇಕು ಇದೇ ಶೂಗಳನ್ನು ದ್ರವದ ಹಂಗಿಲ್ಲದೆ ಕೇಬಲಿನಿಂದ ಎಳೆಯುತ್ತದೆ.

ಕಾರು ನಿಲ್ಲುವಾಗ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಹೆಚ್ಚಿನ ಕೆಲಸ ಮುಂದಿನ ಗಾಲಿಗಳ ಪಾಲಿಗೆ ಬರುತ್ತದೆ. ಆದ್ದರಿಂದ ಮುಂದೆ ಡಿಸ್ಕು, ಹಿಂದೆ ಡ್ರಮ್ಮು ಎಂಬ ಏರ್ಪಾಡು. ಇದು ಹಳೆಯ ಕಾಲದ್ದೆಂದು ತಾತ್ಸಾರ ಮಾಡುವಂತಿಲ್ಲ. ಇಂದಿಗೂ ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಹೀಗೆಯೇ ಇವೆ, ಫೋಕ್ಸ್‌ವ್ಯಾಗನ್ನಿನ ಐಡಿ.4ರಂತಹ ಹೊಸ ವಿದ್ಯುತ್ ಕಾರಿಗೂ ಹಿಂದೆ ಡ್ರಮ್ಮನ್ನೇ ಇಟ್ಟಿದ್ದಾರೆ. ಆದರೆ ಒಂದು ತೊಡಕಿದೆ. ಹಿಂದಿನ ಬ್ರೇಕು ಅರ್ಧ ಸತ್ತಿದ್ದರೂ ಮುಂದಿನದು ಕಾರನ್ನು ನಿಲ್ಲಿಸುತ್ತಲೇ ಇರುತ್ತದೆ. ಡ್ರಮ್ಮು ತನ್ನ ದೋಷವನ್ನು ಒಳಗೆ ಮುಚ್ಚಿಟ್ಟುಕೊಂಡಿರುತ್ತದೆ. ಬೆಟ್ಟದ ಇಳಿಜಾರು ಅಥವಾ ದಿಢೀರನೆ ಅಡ್ಡಬಂದ ಮಗು ಅದನ್ನು ಬಯಲಿಗೆಳೆಯುವವರೆಗೂ ನಮಗೆ ತಿಳಿಯುವುದಿಲ್ಲ. ಆದ್ದರಿಂದಲೇ ಗುರುತುಗಳನ್ನು ಓದುವ ಅಭ್ಯಾಸ ಬೇಕು.

ಮೊದಲನೆಯದು ಪೆಡಲು. ಅದು ಎಂದಿಗಿಂತ ಕೆಳಕ್ಕೆ ಹೋಗಿ, ಬೇಗಬೇಗನೆ ಎರಡು ಮೂರು ಸಲ ತುಳಿದರೆ ಮೇಲೆ ಬರುವುದಾದರೆ ಶೂಗೂ ಡ್ರಮ್ಮಿಗೂ ನಡುವೆ ಅಂತರ ಹೆಚ್ಚಿರಬಹುದು. ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಿದ್ದಂತೆಯೇ ನಿಧಾನವಾಗಿ ಕೆಳಕ್ಕಿಳಿದರೆ ಎಲ್ಲೋ ಸೋರುತ್ತಿದೆ, ಇಲ್ಲವೆ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ; ಆ ಕಾರನ್ನು ಅಲ್ಲಿಂದ ಕದಲಿಸಬಾರದು. ಎರಡನೆಯದು ಗಾಲಿಯ ಒಳಮೈ. ಟೈರಿನ ಒಳಬದಿಯಲ್ಲಿ ಒದ್ದೆಯ ಗೆರೆ ಇಳಿದಿದ್ದರೆ ಸಿಲಿಂಡರಿನ ರಬ್ಬರು ಹೋಗಿದೆಯೆಂದು ತಿಳಿಯಬೇಕು. ಮೂರನೆಯದು ಸದ್ದು. ಲೋಹಕ್ಕೆ ಲೋಹ ಉಜ್ಜುವ ಕರಕರ ಸದ್ದು ಲೈನರ್ ಮುಗಿದುದರ ಸೂಚನೆ. ನಾಲ್ಕನೆಯದು ಬಿಸಿ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಗಾಲಿಯನ್ನು ಮುಟ್ಟದೆ ಹತ್ತಿರ ಕೈಯೊಡ್ಡಿ ನೋಡಿದಾಗ ಒಂದು ಗಾಲಿ ಮಾತ್ರ ಕಾದಿದ್ದರೆ ಸಿಕ್ಕಿಕೊಂಡ ಕೇಬಲ್, ಮುರಿದ ಸ್ಪ್ರಿಂಗು ಅಥವಾ ತುಕ್ಕು ಹಿಡಿದ ಪಿಸ್ಟನ್ನು ಕಾರಣವಿರಬಹುದು. ಐದನೆಯದು ನಾವು ಅಲಕ್ಷಿಸಿದ ಹ್ಯಾಂಡ್ ಬ್ರೇಕು. ಅದರ ಹಿಡಿ ಮೇಲೆ ಬರತೊಡಗಿದರೆ ಮೊದಲು ಸಂಶಯಿಸಬೇಕಾದದ್ದು ಲೈನರನ್ನು, ಕೇಬಲನ್ನಲ್ಲ.

ಹೇತುವಿನಂತೆ ತೋರಿ ಮೋಸ ಮಾಡುವುದಕ್ಕೆ ತರ್ಕದಲ್ಲಿ ಹೇತ್ವಾಭಾಸವೆಂದು ಹೆಸರು. ಅದು ಇಲ್ಲಿಯೂ ಉಂಟು. ಮಳೆಗಾಲದ ರಾತ್ರಿ ಕಳೆದು ಬೆಳಿಗ್ಗೆ ಮೊದಲ ಒಂದೆರಡು ಸಲ ಬ್ರೇಕು ಕಿರುಗುಟ್ಟಿ ಸರಿಹೋದರೆ ಅದು ಡ್ರಮ್ಮಿನ ಮೇಲಿನ ತೆಳು ತುಕ್ಕು ಅಷ್ಟೆ. ಬೂಸ್ಟರ್ ಇರುವ ಕಾರಿನಲ್ಲಿ ಬ್ರೇಕನ್ನು ಒತ್ತಿಕೊಂಡು ಎಂಜಿನ್ ಚಾಲೂ ಮಾಡಿದೊಡನೆ ಪೆಡಲು ತುಸು ಇಳಿಯುವುದು ಆರೋಗ್ಯದ ಲಕ್ಷಣವೇ. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ನಿಧಾನವಾಗಿ ತಗ್ಗುವುದಕ್ಕೆ ಮುಂದಿನ ಬ್ರೇಕಿನ ಪ್ಯಾಡುಗಳ ಸವೆತವೂ ಕಾರಣವಾಗಬಹುದು. ಆದರೆ ಪರೀಕ್ಷಿಸದೆ ಮೇಲೆ ಮೇಲೆ ತುಂಬುತ್ತ ಹೋದರೆ ನಿಜವಾದ ಸೋರಿಕೆ ಮುಚ್ಚಿಹೋಗುತ್ತದೆ.

ಇನ್ನು ದುರಸ್ತಿಯ ವಿಚಾರ. ಕೈಚಳಕವಿರುವ ಯುವಕರು ಸ್ವತಃ ಮಾಡಬಲ್ಲರು. ಮೊದಲ ಸಲ ಬಲ್ಲವರೊಬ್ಬರು ಪಕ್ಕದಲ್ಲಿರಲಿ. ಮೆಕ್ಯಾನಿಕ್ಕಿಗೆ ಕೊಟ್ಟರೂ ಏನಾಗಬೇಕೆಂಬುದು ಮನೆಯವರಿಗೆ ತಿಳಿದಿರಲಿ. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಮುಂದಿನ ಗಾಲಿಗಳಿಗೆ ಎರಡೂ ಬದಿಯಲ್ಲಿ ಕಲ್ಲು ಕೊಡಬೇಕು. ಗಾಲಿಯ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಸಡಿಲಿಸಿ, ಬಳಿಕ ಜಾಕ್ ಹಾಕಿ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರೀ ಜಾಕನ್ನು ನಂಬಿ ಕಾರಿನ ಕೆಳಗೆ ಕೈಯಾಗಲಿ ತಲೆಯಾಗಲಿ ಇಡಬಾರದು. ಹ್ಯಾಂಡ್ ಬ್ರೇಕನ್ನು ಇಳಿಸಿ ಡ್ರಮ್ಮನ್ನು ಹೊರತೆಗೆಯಬೇಕು.

ಒಳಗಿನ ಪುಡಿಯನ್ನು ಬಾಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದುವ ದುರಭ್ಯಾಸ ಶೆಡ್ಡುಗಳಲ್ಲಿದೆ. ಲೈನರಿನಲ್ಲಿ ಕಲ್ನಾರು ಇದ್ದರೆ ಅದರ ಎಳೆಗಳು ಉಸಿರಿನೊಡನೆ ಒಳಹೊಕ್ಕು ಎಷ್ಟೋ ವರ್ಷಗಳ ಬಳಿಕ ಕ್ಯಾನ್ಸರನ್ನು ತರಬಲ್ಲವು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಬೇಕು, ಮಕ್ಕಳನ್ನು ದೂರವಿಡಬೇಕು.

ಒಂದು ಗಾಲಿಯನ್ನು ಬಿಚ್ಚುವಾಗ ಇನ್ನೊಂದನ್ನು ಬಿಚ್ಚದೆ ಇಟ್ಟರೆ ಯಾವ ಸ್ಪ್ರಿಂಗು ಎಲ್ಲಿ ಸಿಕ್ಕಬೇಕೆಂಬುದಕ್ಕೆ ಅದೇ ಮಾದರಿಯಾಗುತ್ತದೆ. ಲೈನರಿನ ದಪ್ಪವನ್ನು ಕಾರಿನ ಕೈಪಿಡಿಯ ಅಳತೆಯೊಡನೆ ಹೋಲಿಸಬೇಕು. ಡ್ರಮ್ಮಿನ ಒಳವ್ಯಾಸ ಎಷ್ಟಕ್ಕೆ ಮೀರಬಾರದೆಂಬುದನ್ನು ಸಾಮಾನ್ಯವಾಗಿ ಡ್ರಮ್ಮಿನ ಮೇಲೆಯೇ ಮೂಡಿಸಿರುತ್ತಾರೆ. ಗೀರು ಬಿದ್ದ ಡ್ರಮ್ಮನ್ನು ಆ ಮಿತಿಯೊಳಗೆ ಲೇತಿನಲ್ಲಿ ಕಡೆಸಬಹುದು. ಮಿತಿ ದಾಟಿದ್ದರೆ ಹೊಸದೇ ಗತಿ. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಿಂದ ತೊಳೆದು, ಉಪ್ಪುಕಾಗದದಿಂದ ಉಜ್ಜಿ ಮತ್ತೆ ಹಾಕುವುದು ಸುಳ್ಳು ಉಳಿತಾಯ. ಶೂಗಳನ್ನು ಯಾವಾಗಲೂ ಎರಡೂ ಗಾಲಿಗಳಿಗೆ ಒಟ್ಟಿಗೇ ಬದಲಾಯಿಸಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದಾದರೆ ಬ್ರೇಕು ಹಿಡಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ.

ಜೋಡಿಸಿದ ಮೇಲೆ ಅನುಕ್ರಮ ಮುಖ್ಯ. ಮೊದಲು ಶೂಗಳ ಅಂತರವನ್ನು ಹೊಂದಿಸಬೇಕು. ಗಾಲಿಯನ್ನು ಕೈಯಿಂದ ತಿರುಗಿಸಿದಾಗ ತಡೆಯಿಲ್ಲದೆ ತಿರುಗಬೇಕು, ಬಹಳವೆಂದರೆ ಸಣ್ಣಗೆ ಸವರಿದ ಸದ್ದು ಬರಬಹುದು. ಕೇಬಲಿಗೆ ಕೈ ಹಚ್ಚುವುದು ಕಟ್ಟಕಡೆಗೆ. ನಮ್ಮ ಹುಡುಗನ ಕಾರಿನಲ್ಲಿ ಈ ಅನುಕ್ರಮವೇ ತಲೆಕೆಳಗಾಗಿತ್ತು. ಸಿಲಿಂಡರ್ ಬದಲಾಯಿಸಿದ್ದರೆ ಕೊಳವೆಯ ಗಾಳಿಯನ್ನು ಪೂರ್ತಿ ತೆಗೆಯಬೇಕು. ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ. ಎಂಜಿನ್ ಆಯಿಲನ್ನು ಅದರಲ್ಲಿ ಬೆರೆಸಿದರೆ ರಬ್ಬರುಗಳೆಲ್ಲ ಉಬ್ಬಿ ಕೆಡುತ್ತವೆ. ಅದು ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 3 ದರ್ಜೆಯ ಹೊಸ ದ್ರವ 205 ಡಿಗ್ರಿ ಸೆಲ್ಸಿಯಸ್ಸಿನವರೆಗೂ ಕುದಿಯಬಾರದೆಂಬ ನಿಯಮವಿದ್ದರೆ, ತೇವ ಹೀರಿದ ದ್ರವಕ್ಕೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಹುಟ್ಟುವ ಆವಿ ಪೆಡಲನ್ನು ಟೊಳ್ಳಾಗಿಸುತ್ತದೆ. ಆದ್ದರಿಂದ ಕೈಪಿಡಿ ಹೇಳಿದ ಅವಧಿಗೆ, ಸೀಲು ಒಡೆಯದ ಡಬ್ಬಿಯಿಂದಲೇ ದ್ರವವನ್ನು ಬದಲಾಯಿಸಬೇಕು. ಕೆಲಸ ಮುಗಿದ ಮೇಲೆ ಜನರಿಲ್ಲದ ಬಯಲಿನಲ್ಲಿ ನಿಧಾನವಾಗಿ ಓಡಿಸಿ ಪರೀಕ್ಷಿಸಿಯೇ ಮನೆಮಂದಿಯನ್ನು ಕೂರಿಸಬೇಕು.

ಎಷ್ಟೇ ಚೆನ್ನಾದ ಬ್ರೇಕಾದರೂ ಬೆಟ್ಟವಿಳಿಯುವಾಗ ಅದರೊಂದರ ಮೇಲೆಯೇ ಭಾರ ಹಾಕಬಾರದು. ಡ್ರಮ್ಮು ಕಾದಂತೆ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲೈನರಿನ ಹಿಡಿತವೂ ತಗ್ಗುತ್ತದೆ. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತು ಅನುಭವದ ಮಾತು. ಎಂಜಿನ್ನೇ ವೇಗವನ್ನು ಹಿಡಿದಿಡುತ್ತದೆ, ಬ್ರೇಕಿಗೆ ಆರಲು ಬಿಡುವು ಸಿಗುತ್ತದೆ.

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಹಿಂದಿನ ಎರಡೂ ಡ್ರಮ್ಮುಗಳನ್ನು ಬಿಚ್ಚಿಸಿ ನೋಡುವ ಪದ್ಧತಿಯನ್ನು ಪ್ರತಿಯೊಂದು ಮನೆಯವರೂ ಇಟ್ಟುಕೊಳ್ಳಲಿ ಎಂಬುದು ನಮ್ಮ ಬಿನ್ನಹ. ಬಿಚ್ಚುವಾಗ ಮನೆಯವರೊಬ್ಬರು ಹತ್ತಿರವಿದ್ದು ಹಳೆಯ ಶೂಗಳನ್ನು ಕೇಳಿ ನೋಡಲಿ. ನಿಜವಾದ ಕಾಯಕದವರು ಅದಕ್ಕೆ ಬೇಸರಿಸುವುದಿಲ್ಲ, ಸಂತೋಷದಿಂದಲೇ ತೋರಿಸುತ್ತಾರೆ. ನಮ್ಮ ತಂಗಿಯ ಮಗನ ಆ ಕಾರು ಈಗಿಲ್ಲ. ಆದರೆ ಅಂದು ಬಿಚ್ಚಿದ, ಕಬ್ಬಿಣ ಕಾಣುವಷ್ಟು ಸವೆದ ಶೂವನ್ನು ತಂಗಿ ಪಡಸಾಲೆಯ ಗೂಡಿನಲ್ಲಿಟ್ಟಿದ್ದಾಳೆ. ಹೊಸ ಕಾರಿನ ಕೀಲಿಯನ್ನು ಅದರ ಪಕ್ಕದಲ್ಲಿಯೇ ತೂಗುಹಾಕುತ್ತಾಳೆ. ಹೊರಡುವ ಮುನ್ನ ಹುಡುಗ ಒಮ್ಮೆ ಅದನ್ನು ನೋಡಿಯೇ ಕೀಲಿಯನ್ನು ತೆಗೆದುಕೊಳ್ಳಬೇಕೆಂಬುದು ಅವಳ ನಿಯಮ.