ಪಂಚಾಯಿತಿಗೆ ಬೇಕಾದುದು ಪಾಲು, ಭಿಕ್ಷೆಯಲ್ಲ

ಗ್ರಾಮಸ್ವರಾಜ್ಯದ ಭಾಷಣ ದೆಹಲಿಯಲ್ಲಿ ಎಂದೂ ಬತ್ತುವುದಿಲ್ಲ. ಬತ್ತುವುದು ಹಳ್ಳಿಯ ಪಂಚಾಯಿತಿಯ ಬೊಕ್ಕಸ ಮಾತ್ರ. ಭಾಷಣಕಾರರನ್ನು ಒಂದೇ ಪ್ರಶ್ನೆ ಕೇಳೋಣ: ಪಂಚಾಯಿತಿಗೆ ವರ್ಷಕ್ಕೆ ಎಷ್ಟು ಹಣ, ಯಾವ ಕೆಲಸಕ್ಕೆ ಎಂಬುದನ್ನು ಗೊತ್ತುಮಾಡುವವರು ಯಾರು? ಗ್ರಾಮಸಭೆಯೇ? ಖಂಡಿತ ಅಲ್ಲ.

ಲೆಕ್ಕ ನೋಡಿ. 2021-22ರಿಂದ 2025-26ರವರೆಗಿನ ಐದು ವರ್ಷಕ್ಕೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆಂದು 15ನೆಯ ಹಣಕಾಸು ಆಯೋಗ ಗೊತ್ತುಮಾಡಿದ ಅನುದಾನ 2,36,805 ಕೋಟಿ ರೂಪಾಯಿ. ಮೊತ್ತ ದೊಡ್ಡದೇ. ಹಂಚಿದರೆ? ಕೊನೆಯ ವರ್ಷದ ಕಂತು 48,573 ಕೋಟಿ. 2011ರ ಜನಗಣತಿಯಂತೆ ಹಳ್ಳಿಗರು 83 ಕೋಟಿಗೂ ಹೆಚ್ಚು. ತಲೆಗೆ ದಿನಕ್ಕೆ ಸುಮಾರು ಒಂದು ರೂಪಾಯಿ ಅರವತ್ತು ಪೈಸೆ! ಒಂದು ಲೋಟ ಚಹಾಕ್ಕೂ ಸಾಲದು. ಅದರ ಹಿಂದಿನ ವರ್ಷಕ್ಕೆ ಗೊತ್ತಾಗಿದ್ದುದು 49,800 ಕೋಟಿ. ಬೆಲೆ ಏರಿತು, ಅನುದಾನ ಇಳಿಯಿತು.

ಇಷ್ಟು ಕೊಟ್ಟು ಸುಮ್ಮನಾದರೇ? ಇಲ್ಲ. ನೂರಕ್ಕೆ 60 ಪಾಲನ್ನು ಕುಡಿಯುವ ನೀರು, ನೈರ್ಮಲ್ಯಗಳಿಗೇ ಎಂದು ಕಟ್ಟಿಹಾಕಿದರು. ನೀರು ಬೇಡವೆನ್ನುವ ಮೂರ್ಖರು ನಾವಲ್ಲ. ಆದರೆ ಯಾವ ಊರಿಗೆ ಮೊದಲು ಕೊಳಾಯಿ ಬೇಕು, ಯಾವ ಊರಿಗೆ ಸ್ಮಶಾನದ ದಾರಿ ಬೇಕು ಎಂಬುದನ್ನು ಅಲ್ಲಿ ಬಾಳುವವರು ಹೇಳಬೇಕೋ, ದೆಹಲಿಯ ಸುತ್ತೋಲೆ ಹೇಳಬೇಕೋ? ಉಳಿದ 40 ಪಾಲಿಗೆ ಮುಕ್ತ ಹಣವೆಂದು ಹೆಸರು. ಅದರಲ್ಲೂ ಸಂಬಳಕ್ಕೆ ಕಾಸು ಮುಟ್ಟಕೂಡದು. ನೀರು ಬಿಡುವವನ, ಚರಂಡಿ ಬಳಿಯುವವನ ಕೂಲಿ ಯಾವ ಗಂಟಿನಿಂದ ಬರಬೇಕು?

ಆಯೋಗವು ಸ್ವತಂತ್ರ ಸಂಸ್ಥೆಯೆಂದು ಪಂಡಿತರು ವಾದಿಸುತ್ತಾರೆ. ಆಯೋಗ ಶಿಫಾರಸು ಮಾಡುತ್ತದೆ, ನಿಜ. ಅದರ ಸದಸ್ಯರನ್ನು ಆರಿಸುವವರು, ಶಿಫಾರಸನ್ನು ಒಪ್ಪುವವರು, ಹಣ ಬಿಡುವವರು ಕೇಂದ್ರದವರೇ. ಮೇಲಾಗಿ ಸೆಸ್ಸು, ಸರ್‌ಚಾರ್ಜುಗಳನ್ನು ಕೇಂದ್ರವು ರಾಜ್ಯಗಳೊಡನೆ ಹಂಚಬೇಕಾಗಿಲ್ಲ. ತೆರಿಗೆಯ ಹೆಸರು ಬದಲಾದಷ್ಟೂ ರಾಜ್ಯ ಸೊರಗುತ್ತದೆ. ರಾಜ್ಯ ಸೊರಗಿದರೆ ಮೊದಲ ಪೆಟ್ಟು ಪಂಚಾಯಿತಿಗೆ. ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೆಯ ಆಯೋಗದ ಕಾಲದಲ್ಲಿ ನೂರಕ್ಕೆ 4.713 ಇದ್ದುದು 15ನೆಯದರ ಕಾಲಕ್ಕೆ 3.647ಕ್ಕೆ ಕುಸಿಯಿತು.

ಹಾಗೆಂದು ಬೆಂಗಳೂರಿನವರನ್ನು ಬಿಟ್ಟುಬಿಡಲಾದೀತೆ? ದೆಹಲಿಯ ಮುಂದೆ ಪಾಲಿಗಾಗಿ ಕೂಗುವವರು ತಮ್ಮ ಕೆಳಗಿನವರ ಪಾಲಿಗೆ ತಾವೇ ದೆಹಲಿಯಾಗಿದ್ದಾರೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. 2024 ಕಳೆದರೂ ಚುನಾವಣೆ ನಡೆಯಲಿಲ್ಲ. ಚುನಾಯಿತ ಸಂಸ್ಥೆ ಇಲ್ಲದೆಡೆ ಆಯೋಗದ ಹಣವೂ ಸಲ್ಲದೆಂಬುದು ನಿಯಮ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ 1983ರ ಕಾನೂನಿಗಾಗಿ ದುಡಿದ ನಜೀರ್ ಸಾಬರ ನಾಡಿಗೆ ಇದು ನಾಚಿಕೆಗೇಡು.

ಹಳ್ಳಿ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ರಾಜ್ಯ ನಿಲ್ಲಬೇಕೆಂದು ಲೋಹಿಯಾ ಹೇಳಿದರು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಕೆಳಗಿನ ಕಂಬಗಳನ್ನು ಕಾಗದದ ಮೇಲೆ ನೆಟ್ಟಿತು. ಹಣದ ಅಡಿಪಾಯ ಹಾಕಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಹಂಚುವ ತೆರಿಗೆಯಲ್ಲಿ ಪಂಚಾಯಿತಿಯ ಪಾಲನ್ನು ಸಂವಿಧಾನದಲ್ಲೇ ಬರೆಯಿರಿ. ಸೆಸ್ಸು, ಸರ್‌ಚಾರ್ಜುಗಳನ್ನೂ ಹಂಚಿಕೆಗೆ ತನ್ನಿ. ಖರ್ಚಿನ ತೀರ್ಮಾನ ಗ್ರಾಮಸಭೆಗೆ ಬಿಡಿ; ಲೆಕ್ಕವನ್ನೂ ಗ್ರಾಮಸಭೆಯ ಮುಂದೆಯೇ ಒಪ್ಪಿಸಲಿ. ಚುನಾವಣೆಯನ್ನು ಒಂದು ದಿನವೂ ಮುಂದೂಡಬೇಡಿ.

ತೆರಿಗೆ ತೆರುವಾಗ ಹಳ್ಳಿಗನು ಪ್ರಜೆ. ಪಾಲು ಕೇಳುವಾಗ ಏಕೆ ಭಿಕ್ಷುಕನಾಗಬೇಕು?