ಕಚೇರಿಯನ್ನೂ ತೋರಿಸಿ

ಮುಂಬಯಿ, ಪುಣೆ, ದೆಹಲಿಗಳ ಕೆಲವು ಶಾಲೆಗಳು ಒಂಬತ್ತು, ಹತ್ತನೆಯ ತರಗತಿಯ ಮಕ್ಕಳನ್ನು ಯುರೋಪಿನ ಇತಿಹಾಸ ಪ್ರವಾಸಕ್ಕೆ ಕರೆದೊಯ್ಯುವುದು ಈಗ ಹೊಸ ಸಂಗತಿಯಲ್ಲ. ನಾಜಿವಾದ ಮತ್ತು ಹಿಟ್ಲರನ ಉದಯದ ಪಾಠವನ್ನು ಒಂಬತ್ತನೆಯ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ನಮ್ಮ ಮಕ್ಕಳು ವರ್ಷಗಳಿಂದ ಓದುತ್ತಲೇ ಬಂದಿದ್ದಾರೆ. ಆದರೂ ಪ್ರವಾಸದ ಒಪ್ಪಿಗೆ ಪತ್ರ ಮನೆಗೆ ಬಂದೊಡನೆ ನಮ್ಮ ಕುಟುಂಬಗಳಲ್ಲಿ ಒಂದು ಆಕ್ಷೇಪ ಏಳುತ್ತದೆ. ಇರುವೆಯನ್ನೂ ತುಳಿಯಬಾರದೆಂದು ಬೆಳೆಸಿದ ಮಕ್ಕಳಿಗೆ ವಿಷಾನಿಲದ ಕೋಣೆಗಳನ್ನು, ಹೆಣ ಸುಟ್ಟ ಒಲೆಗಳನ್ನು ಏಕೆ ತೋರಿಸಬೇಕು? ದುಡ್ಡು ತೆತ್ತು ಹಿಂಸೆಯ ದರ್ಶನವೇಕೆ?

ಇದು ತಳ್ಳಿಹಾಕುವ ಮಾತಲ್ಲ. ಹದಿನಾಲ್ಕು ತುಂಬದ ಮಕ್ಕಳನ್ನು ಕರೆತರದಿರುವುದು ಲೇಸೆಂದು ಆಶ್ವಿಟ್ಸ್ ಸ್ಮಾರಕದವರೇ ಸೂಚಿಸುತ್ತಾರೆ. ಅದಕ್ಕಿಂತ ದೊಡ್ಡವರ ವಿಷಯದಲ್ಲಿ ನಮ್ಮ ಆಕ್ಷೇಪ ಬೇರೆಯೇ ಇದೆ. ಬೆಳಿಗ್ಗೆ ಶಿಬಿರ, ಮಧ್ಯಾಹ್ನ ಕಾರುಗಳ ವಸ್ತುಸಂಗ್ರಹಾಲಯ ಎಂಬಂತಹ ಪ್ರವಾಸದಲ್ಲಿ ಮಗು ಮುಳ್ಳುತಂತಿಯನ್ನೂ ಒಲೆಯನ್ನೂ ನೋಡಿ ನಡುಗುತ್ತದೆ, ಇದೆಲ್ಲ ರಾಕ್ಷಸರ ಕೆಲಸವೆಂದು ತೀರ್ಮಾನಿಸುತ್ತದೆ, ತಾನು ರಾಕ್ಷಸನಲ್ಲವಾದ್ದರಿಂದ ನೆಮ್ಮದಿಯಿಂದ ಮನೆಗೆ ಮರಳುತ್ತದೆ. ಅಷ್ಟಕ್ಕೇ ಆದರೆ ಹೋಗದಿದ್ದರೂ ನಷ್ಟವಿಲ್ಲ.

ಬರ್ಲಿನ್ನಿನ ಅಂಚಿನ ವಾನ್ಸೀ ಸರೋವರದ ದಡದಲ್ಲಿ ಒಂದು ಸುಂದರವಾದ ಬಂಗಲೆಯಿದೆ. 1942ರ ಜನವರಿ 20ರಂದು ಅಲ್ಲಿ ಹದಿನೈದು ಮಂದಿ ಅಧಿಕಾರಿಗಳು ಸೇರಿ ಸುಮಾರು ಒಂದೂವರೆ ಗಂಟೆ ಸಭೆ ನಡೆಸಿದರು. ಅವರಲ್ಲಿ ಎಂಟು ಮಂದಿ ಡಾಕ್ಟರೇಟ್ ಪಡೆದವರು. ಸಭೆಯ ನಡಾವಳಿಯಲ್ಲಿ ದೇಶವಾರು ಯಹೂದಿಗಳ ಪಟ್ಟಿಯಿದೆ. ಇಂಗ್ಲೆಂಡ್ 3,30,000, ಐರ್ಲೆಂಡ್ 4,000, ಅಲ್ಬೇನಿಯಾ 200. ಒಟ್ಟು 1 ಕೋಟಿ 10 ಲಕ್ಷಕ್ಕೂ ಮಿಗಿಲು. ಇನ್ನೂ ಗೆಲ್ಲದ ದೇಶಗಳ ಜನರನ್ನೂ ಮುಂಗಡವಾಗಿಯೇ ಲೆಕ್ಕಕ್ಕೆ ಹಿಡಿದಿದ್ದರು. ವೃತ್ತಿಯಿಂದ ಲೆಕ್ಕಪರಿಶೋಧಕನಾದ ನನಗೆ ಯಾವ ಛಾಯಾಚಿತ್ರಕ್ಕಿಂತಲೂ ಆ ಪುಟವೇ ಹೆಚ್ಚು ಭಯ ಹುಟ್ಟಿಸುತ್ತದೆ. ಅಂಕಣ ನೇರವಾಗಿದೆ, ಮೊತ್ತ ಕೆಳಗಿದೆ. ನಿತ್ಯ ನಾವು ಸಹಿ ಹಾಕುವ ಕಾಗದಗಳಂತೆಯೇ ಇದೆ.

ಇದಕ್ಕೆ ಹಿಂದಿನ ಕಾಗದಗಳೂ ಹಾಗೆಯೇ. 1938ರ ಏಪ್ರಿಲ್‌ನಲ್ಲಿ 5,000 ಮಾರ್ಕಿಗಿಂತ ಹೆಚ್ಚಿನ ಆಸ್ತಿಯುಳ್ಳ ಯಹೂದಿಗಳೆಲ್ಲ ಅದನ್ನು ಘೋಷಿಸಬೇಕೆಂಬ ಆಜ್ಞೆ ಹೊರಟಿತು. ಅದೇ ನವೆಂಬರಿನಲ್ಲಿ ಅವರ ಅಂಗಡಿ, ಪ್ರಾರ್ಥನಾ ಮಂದಿರಗಳನ್ನು ಸುಟ್ಟು, ಬಳಿಕ ಅವರ ಮೇಲೆಯೇ ನೂರು ಕೋಟಿ ಮಾರ್ಕುಗಳ ದಂಡ ಹೇರಿದರು. ಘೋಷಣಾ ಪತ್ರಗಳು ಆಗಲೇ ಕೈಯಲ್ಲಿದ್ದುದರಿಂದ ವಸೂಲಿ ಸುಲಭವಾಯಿತು. ಗಡೀಪಾರಿಗೆ ಮುನ್ನ ಪ್ರತಿ ಕುಟುಂಬವೂ ಹದಿನಾರು ಪುಟಗಳ ನಮೂನೆಯಲ್ಲಿ ಮಂಚ, ಹಾಸಿಗೆ, ಅಂಗಿಗಳವರೆಗೆ ಎಲ್ಲವನ್ನೂ ಬರೆದುಕೊಡಬೇಕಿತ್ತು. 1941ರ ನವೆಂಬರಿನ ಒಂದು ಆದೇಶದ ಪ್ರಕಾರ ಗಡಿ ದಾಟಿದೊಡನೆ ಪೌರತ್ವ ರದ್ದು, ಆಸ್ತಿ ಸರ್ಕಾರದ ಪಾಲು. ಅದನ್ನು ಜಮೆ ಮಾಡಿಕೊಂಡವರು ಹಣಕಾಸು ಇಲಾಖೆಯ ಗುಮಾಸ್ತರು. ರೈಲ್ವೆಯವರು ಪ್ರಯಾಣದ ದರ ಕಟ್ಟಿದರು. ಮೂರನೆಯ ದರ್ಜೆಯ ಲೆಕ್ಕದಲ್ಲಿ ಕಿಲೋಮೀಟರಿಗೆ 4 ಫೆನ್ನಿಗ್, ಹತ್ತು ವರ್ಷದೊಳಗಿನವರಿಗೆ ಅರ್ಧ, ನಾಲ್ಕು ವರ್ಷದೊಳಗಿನವರಿಗೆ ಉಚಿತ, 400ಕ್ಕಿಂತ ಹೆಚ್ಚು ಮಂದಿಯಿದ್ದರೆ ರಿಯಾಯಿತಿ. ಕಾವಲುಗಾರರಿಗೆ ಹೋಗಿಬರುವ ದರ, ಉಳಿದವರಿಗೆ ಹೋಗುವುದಕ್ಕೆ ಮಾತ್ರ.

ಗ್ರೂನೆವಾಲ್ಡ್ ನಿಲ್ದಾಣದ ಹದಿನೇಳನೆಯ ಪ್ಲಾಟ್‌ಫಾರ್ಮಿನ ಅಂಚಿಗೆ 186 ಉಕ್ಕಿನ ಫಲಕಗಳನ್ನು ಹಾಸಿದ್ದಾರೆ. ಪ್ರತಿಯೊಂದರಲ್ಲೂ ದಿನಾಂಕ, ಸಾಗಿಸಿದವರ ಸಂಖ್ಯೆ, ಸೇರಿದ ಊರು ಇಷ್ಟೇ. ಜರ್ಮನ್ ರೈಲ್ವೆ ಸಂಸ್ಥೆಯೇ 1998ರಲ್ಲಿ ತನ್ನ ಹಿಂದಿನವರ ಕೃತ್ಯಕ್ಕೆ ನಿಲ್ಲಿಸಿದ ಸ್ಮಾರಕವಿದು. ಓರಾನಿಯೆನ್‌ಬುರ್ಗ್ ಊರಿನ ಸಾಕ್ಸೆನ್‌ಹೌಸೆನ್ ಶಿಬಿರದ ಪಕ್ಕದಲ್ಲಿ ಮತ್ತೊಂದು ಕಟ್ಟಡವಿದೆ. ಇಂಗ್ಲಿಷಿನ ಟಿ ಅಕ್ಷರದ ಆಕಾರದ್ದು. ಎಲ್ಲ ಶಿಬಿರಗಳ ಆಡಳಿತ 1938ರಿಂದ ಅಲ್ಲಿಂದಲೇ ನಡೆಯುತ್ತಿತ್ತು. ಮುಂದೆ ಅದೇ ಕಟ್ಟಡಕ್ಕೆ ಊರಿನ ತೆರಿಗೆ ಕಚೇರಿ ಬಂತು. ಶಿಬಿರವನ್ನು ನೋಡಿ ಹೊರಡುವ ಶಾಲಾ ತಂಡಗಳು ಈ ಕಟ್ಟಡದ ಮುಂದೆಯೂ ಹತ್ತು ನಿಮಿಷ ನಿಲ್ಲಬೇಕು.

ಹಿಂಸೆ ಮಾಡುವವನದು ಮಾತ್ರವಲ್ಲ, ಮಾಡಿಸುವವನದೂ ಒಪ್ಪಿ ಸುಮ್ಮನಿರುವವನದೂ ಹೌದೆಂದು ನಮ್ಮ ಆಚಾರ್ಯರು ಕೃತ, ಕಾರಿತ, ಅನುಮತಗಳೆಂದು ಬಿಡಿಸಿ ಹೇಳಿದ್ದಾರೆ. ಪಾಠಶಾಲೆಯಲ್ಲಿ ಮಕ್ಕಳು ಇದನ್ನು ಕಂಠಪಾಠ ಮಾಡುತ್ತಾರೆ. ಉದಾಹರಣೆಯಾಗಿ ನಾವು ಕೊಡುವುದು ಕಂದಮೂಲ, ರಾತ್ರಿಭೋಜನಗಳನ್ನು. ರೈಲಿನ ದರ ಕಟ್ಟಿದ ಗುಮಾಸ್ತ ಯಾರಿಗೂ ಒಂದು ಏಟು ಹೊಡೆದವನಲ್ಲ. ಬಹುಶಃ ಮನೆಯಲ್ಲಿ ನಾಯಿ ಸಾಕಿದವನು, ಮಕ್ಕಳಿಗೆ ಪಿಟೀಲು ಕಲಿಸಿದವನು. ನಮ್ಮ ಮಕ್ಕಳಲ್ಲಿ ಸೈನಿಕರಾಗುವವರು ವಿರಳ. ಬ್ಯಾಂಕು, ತೆರಿಗೆ, ಸಾಫ್ಟ್‌ವೇರ್, ಆಡಳಿತ ಸೇವೆ ಎಂದು ಅವರು ಕೂರುವುದು ಮೇಜಿನ ಹಿಂದೆಯೇ. ಅವರಿಗೆ ಒಲೆಗಿಂತ ಮೇಜನ್ನು ತೋರಿಸುವುದು ಹೆಚ್ಚು ಅಗತ್ಯ.

ಹೋಗುವ ಮಕ್ಕಳಿಗೆ ಸ್ವಸ್ತಿಕದ ವಿಚಾರವನ್ನು ಮನೆಯಲ್ಲಿಯೇ ತಿಳಿಸಿ ಕಳುಹಿಸುವುದು ಒಳ್ಳೆಯದು. ಚತುರ್ಗತಿಯ ಸಂಕೇತವಾದ ನಮ್ಮ ಸ್ವಸ್ತಿಕಕ್ಕೂ ಅವರ ಕೊಕ್ಕೆಶಿಲುಬೆಗೂ ಅರ್ಥದಲ್ಲಿ ಸಂಬಂಧವಿಲ್ಲ. ಆದರೆ ಜರ್ಮನಿಯಲ್ಲಿ ಆ ನಾಜಿ ಚಿಹ್ನೆಯ ಸಾರ್ವಜನಿಕ ಪ್ರದರ್ಶನ ಅಪರಾಧ. ಬಂಧುಗಳನ್ನು ಕಳೆದುಕೊಂಡವರು ಓಡಾಡುವ ಜಾಗದಲ್ಲಿ ಚೀಲದ ಮೇಲಿನ ಚಿತ್ರವನ್ನು ಮುಚ್ಚಿಕೊಂಡರೆ ಧರ್ಮಕ್ಕೆ ಚ್ಯುತಿಯಿಲ್ಲ.

ಒಂದೇ ಪಕ್ಷದ ಪಾಪವನ್ನು ತೋರಿಸಿ ಮುಗಿಸುವ ಪ್ರವಾಸವನ್ನೂ ನಾವು ಒಪ್ಪುವುದಿಲ್ಲ. ಸಾಕ್ಸೆನ್‌ಹೌಸೆನ್ನನ್ನು ಬಿಡುಗಡೆ ಮಾಡಿದ ಸೋವಿಯತ್ತರು 1945ರಿಂದ 1950ರವರೆಗೆ ಅಲ್ಲಿಯೇ ತಮ್ಮ ಶಿಬಿರ ನಡೆಸಿದರು. ಬಂದಿಗಳಾಗಿದ್ದ 60,000 ಮಂದಿಯಲ್ಲಿ ಕನಿಷ್ಠ 12,000 ಜನ ಹಸಿವು, ರೋಗಗಳಿಂದ ಸತ್ತರು. ಪೂರ್ವ ಜರ್ಮನಿಯ ಗುಪ್ತ ಪೊಲೀಸರಾದ ಸ್ಟಾಸಿಯವರ ಕಡತಗಳನ್ನು ಸಾಲಾಗಿ ಜೋಡಿಸಿದರೆ 111 ಕಿಲೋಮೀಟರ್ ಆಗುತ್ತದೆ. ಬಣ್ಣ ಬದಲಾಗಿತ್ತು, ಕಡತ ಉಳಿದಿತ್ತು.

ವಾನ್ಸೀ, ಸಾಕ್ಸೆನ್‌ಹೌಸೆನ್ ಎರಡಕ್ಕೂ ಪ್ರವೇಶ ಶುಲ್ಕವಿಲ್ಲ. ಓರಾನಿಯೆನ್‌ಬುರ್ಗಿನಿಂದ ವಾನ್ಸೀಗೆ ನಗರದ ಒಂದೇ ಸ್ಥಳೀಯ ರೈಲು ಮಾರ್ಗವಿದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಇವೆರಡೂ ಪಟ್ಟಿಯಲ್ಲಿವೆಯೇ, ಪ್ರತಿಯೊಂದಕ್ಕೂ ಎಷ್ಟು ಗಂಟೆ ಮೀಸಲು ಎಂದು ಶಾಲೆಯನ್ನು ಕೇಳುವುದು ಪೋಷಕರ ಹಕ್ಕು.

ಲಕ್ಷಗಟ್ಟಲೆ ಖರ್ಚಿನ ಈ ಪ್ರವಾಸ ಎಲ್ಲ ಮನೆಗಳಿಗೂ ಎಟುಕುವುದಿಲ್ಲ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವಾಗ ಬೆಂಗಳೂರಿನಲ್ಲಿ ಇಳಿಯುವವರು ಫ್ರೀಡಂ ಪಾರ್ಕಿಗೆ ಹೋಗಬಹುದು. ಅದು ಹಳೆಯ ಕೇಂದ್ರ ಕಾರಾಗೃಹ. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆಯವರನ್ನು ಇರಿಸಿದ್ದು ಅಲ್ಲಿಯೇ. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಆಸ್ತಮಾದಿಂದ ನರಳುತ್ತ ತಿಂಗಳುಗಟ್ಟಲೆ ಅಲ್ಲಿದ್ದು, ಪೆರೋಲಿನ ಮೇಲೆ ಹೊರಬಂದು 1977ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ಇಪ್ಪತ್ತೊಂದು ತಿಂಗಳುಗಳನ್ನು ಜರ್ಮನಿಯ ಆ ಹನ್ನೆರಡು ವರ್ಷಗಳೊಡನೆ ತೂಗುವುದು ಅನ್ಯಾಯ. ತೂಗಬೇಕೆಂದು ನಾವು ಹೇಳುತ್ತಿಲ್ಲ. ಆದರೆ ದೇಶದಲ್ಲಿ ಆಗ ಬಂಧಿತರಾದ ಒಂದು ಲಕ್ಷಕ್ಕೂ ಹೆಚ್ಚು ಜನರ ಒಂದೊಂದು ಬಂಧನ ಆಜ್ಞೆಗೂ ಯಾರೋ ಒಬ್ಬ ಸುಶಿಕ್ಷಿತ ಅಧಿಕಾರಿ ಸಹಿ ಹಾಕಿದ್ದನು. ಹಲವೆಡೆ ಶಾಲಾ ಶಿಕ್ಷಕರಿಗೂ ಸಂತಾನಹರಣ ಚಿಕಿತ್ಸೆಗೆ ಇಷ್ಟು ಜನರನ್ನು ಕರೆತರಬೇಕೆಂಬ ಗುರಿ ನಿಗದಿಯಾಗಿತ್ತು. ಗುರಿ ಮುಟ್ಟದವರ ಸಂಬಳವನ್ನು ತಡೆಹಿಡಿದವರು ಶಿಕ್ಷಣ ಇಲಾಖೆಯ ಲೆಕ್ಕದವರು.